ಲಾಗಿನ್ ಬಟನ್ ಹಿಂದೆ: ಪಾಸ್‌ವರ್ಡ್ ತಾಳೆ ನೋಡಲು ಯಾವ ದಾರಿ ಯಾರಿಗೆ?

ಎಸ್ಟೇಟಿನ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ಈಗ ಬ್ರೌಸರಿಗೆ ಬಂದಿದೆ. ಚಿಕ್ಕಮಗಳೂರಿನ ಹೋಮ್‌ಸ್ಟೇಯವರು ಕಮಿಷನ್ ಉಳಿಸಲು ಸ್ವಂತ ಬುಕಿಂಗ್ ಪುಟ ಮಾಡಿಸುತ್ತಿದ್ದಾರೆ. ಹಾಸನದಲ್ಲಿ ಕೊನೆಯ ವರ್ಷದ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ಅಂತ ಬರೆದದ್ದು ಯಾವುದೋ ಸೊಸೈಟಿಯ ಕೌಂಟರಿನಲ್ಲಿ ನಿಜವಾಗಿಯೇ ಓಡತೊಡಗುತ್ತದೆ. ಮೂರಕ್ಕೂ ಮೊದಲ ಪರದೆ ಒಂದೇ: ಹೆಸರು, ಪಾಸ್‌ವರ್ಡ್, ಕೆಳಗೊಂದು ಬಟನ್. ಆ ಬಟನ್ ಒತ್ತಿದ ಮೇಲೆ ಡೇಟಾಬೇಸಿನ ಜೊತೆ ತಾಳೆ ನೋಡುವ ಕೆಲಸವನ್ನು ಐದಾರು ಬಗೆಯಲ್ಲಿ ಮಾಡಬಹುದು. ಪಾಸ್‌ವರ್ಡನ್ನು ಮರಳಿ ಬಿಡಿಸಲಾಗದ ಅಕ್ಷರಸಾಲಾಗಿ, ಅಂದರೆ ಹ್ಯಾಶ್ ಆಗಿ, ಬದಲಿಸಿಡಲು ಬಿಕ್ರಿಪ್ಟ್ ಎಂಬ ವಿಧಾನ ಸಾಕೇ, ಆರ್ಗಾನ್2 ಬೇಕೇ? ಒಟಿಪಿ ಹಾಕಿಬಿಟ್ಟರೆ ಪಾಸ್‌ವರ್ಡಿನ ರಗಳೆಯೇ ಇರುವುದಿಲ್ಲವಲ್ಲ? ಗೂಗಲ್ ಬಟನ್ ಇಟ್ಟು ಕೈ ತೊಳೆದುಕೊಂಡರೆ ಆಗದೇ? ಇವು ಪದೇ ಪದೇ ಬರುವ ಪ್ರಶ್ನೆಗಳು. ಉತ್ತರ ಯಾವ ಹ್ಯಾಶ್ ಎನ್ನುವುದಕ್ಕಿಂತ ಹೆಚ್ಚಾಗಿ ಯಾರು ಲಾಗಿನ್ ಆಗುತ್ತಾರೆ, ಎಲ್ಲಿ ಕೂತು ಆಗುತ್ತಾರೆ ಎಂಬುದರಲ್ಲಿದೆ.

ಏನೇನು ನೋಡಿ ಆರಿಸಬೇಕು

ಮೊದಲು ನೋಡಬೇಕಾದ್ದು, ಡೇಟಾಬೇಸ್ ಹೊರಗೆ ಹೋದ ದಿನ ಏನಾಗುತ್ತದೆ ಎಂಬುದು. ಅದಕ್ಕೆ ಹ್ಯಾಕರೇ ಬರಬೇಕೆಂದಿಲ್ಲ. ಬ್ಯಾಕಪ್ ಹಾಕಿಕೊಂಡ ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಯಲ್ಲಿ ಮರೆತು ಬಂದರೂ ಅದು ಸೋರಿಕೆಯೇ. ಜನ ಒಂದೇ ಪಾಸ್‌ವರ್ಡನ್ನು ನಾಲ್ಕು ಕಡೆ ಇಟ್ಟಿರುತ್ತಾರೆ. ಹಾಗಾಗಿ ನಿಮ್ಮ ಪಟ್ಟಿ ಹೋದರೆ ಅವರ ಇಮೇಲಿಗೂ ಕನ್ನ ಬೀಳುತ್ತದೆ.

ಎರಡನೆಯದು ಸಿಗ್ನಲ್. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಎಷ್ಟೋ ಎಸ್ಟೇಟ್ ಆಫೀಸುಗಳಲ್ಲಿ ಫೈಬರ್ ಇಂಟರ್ನೆಟ್ ಇದೆ, ಆದರೆ ಮೊಬೈಲ್ ಸಿಗ್ನಲ್ ಬೇಕೆಂದರೆ ಎದ್ದು ಕಾಫಿ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಇಂಟರ್ನೆಟ್ ಇದೆ ಎಂದ ಮಾತ್ರಕ್ಕೆ ಎಸ್ಎಂಎಸ್ ಬರುತ್ತದೆ ಎಂದಲ್ಲ. ಮೂರನೆಯದು, ಫೋನ್ ಯಾರದು. ಲೈನ್ ಮನೆಯಲ್ಲಿ ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವುದುಂಟು. ಆಫೀಸಿನ ಒಂದೇ ಕಂಪ್ಯೂಟರಿನಲ್ಲಿ ಬೆಳಗ್ಗೆ ಲೆಕ್ಕ ಬರೆಯುವ ರೈಟರ್, ಸಂಜೆ ಮ್ಯಾನೇಜರ್ ಕೂರುತ್ತಾರೆ. ನಾಲ್ಕನೆಯದು ಸರ್ವರಿನ ತಾಕತ್ತು: ವರ್ಷಕ್ಕೊಮ್ಮೆ ದುಡ್ಡು ಕಟ್ಟುವ ಶೇರ್ಡ್ ಹೋಸ್ಟಿಂಗೋ, 1 ಜಿಬಿ ಮೆಮೊರಿಯ ಬಾಡಿಗೆ ಸರ್ವರೋ? ಐದನೆಯದು, ಪಾಸ್‌ವರ್ಡ್ ಮರೆತವರಿಗೆ ಏನು ದಾರಿ.

ಕೊನೆಯದಕ್ಕೇ ನನ್ನ ಲೆಕ್ಕದಲ್ಲಿ ತೂಕ ಜಾಸ್ತಿ. ಕೋಡ್ ಬರೆದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ಆ ಪ್ರಶ್ನೆಗೆ ಉತ್ತರ ‘ಯಾರೂ ಇಲ್ಲ’ ಎಂದಾದರೆ, ಕಡಿಮೆ ಬಿಡಿಭಾಗ ಇರುವ ದಾರಿಯೇ ಒಳ್ಳೆಯದು.

ಎಸ್‌ಕ್ಯುಎಲ್ ವಾಕ್ಯದೊಳಗೇ ತಾಳೆ

ಹಳೆಯ ಪಾಠಗಳಲ್ಲೆಲ್ಲ ಇರುವುದು ಇದೇ: ಹೆಸರು ಇದು ಮತ್ತು ಪಾಸ್‌ವರ್ಡ್ ಇದು ಆಗಿರುವ ಸಾಲು ಇದೆಯೇ ಎಂದು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಕೇಳುವುದು, ಒಂದು ಸಾಲು ಬಂದರೆ ಒಳಗೆ ಬಿಡುವುದು. ಐದೇ ಸಾಲಿನ ಕೋಡ್, ಓಡುತ್ತದೆ ಕೂಡ. ಇದನ್ನು ಆಯ್ಕೆಗಳ ಪಟ್ಟಿಯಿಂದಲೇ ತೆಗೆದುಹಾಕಬೇಕು. ಯಾಕೆ ಎಂದು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು, ಇಲ್ಲದಿದ್ದರೆ ಬೇರೆ ವೇಷದಲ್ಲಿ ಮತ್ತೆ ನುಗ್ಗುತ್ತದೆ.

ಬಳಕೆದಾರರು ಟೈಪ್ ಮಾಡಿದ್ದನ್ನು ನೇರವಾಗಿ ವಾಕ್ಯಕ್ಕೆ ಅಂಟಿಸಿದರೆ, ಪಾಸ್‌ವರ್ಡ್ ಜಾಗದಲ್ಲಿ ' ಆರ್ '1'='1 ಎಂದು ಹೊಡೆದವರು ಒಳಗೆ ಬರುತ್ತಾರೆ. ಎಸ್‌ಕ್ಯುಎಲ್‌ನಲ್ಲಿ ‘ಆಂಡ್’ (ಮತ್ತು) ಮೊದಲು, ‘ಆರ್’ (ಅಥವಾ) ಆಮೇಲೆ. ಆದ್ದರಿಂದ ಹೆಸರಿನ ಷರತ್ತು ಬಿದ್ದುಹೋಗಿ ಟೇಬಲಿನ ಎಲ್ಲ ಸಾಲುಗಳೂ ಬರುತ್ತವೆ, ಕೋಡ್ ಮೊದಲ ಸಾಲನ್ನು ಎತ್ತಿಕೊಳ್ಳುತ್ತದೆ. ಮೊದಲ ಸಾಲು ಯಾರದು? ಟೇಬಲ್ ಮಾಡಿದ ದಿನವೇ ಸೇರಿಸಿದ ಅಡ್ಮಿನ್‌ದು.

ಸರಿ, ವಾಕ್ಯವನ್ನೂ ಟೈಪ್ ಮಾಡಿದ್ದನ್ನೂ ಬೇರೆ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದರೆ ಈ ತೂತು ಮುಚ್ಚುತ್ತದೆ. ಆದರೂ ಉಳಿದವು ಉಳಿಯುತ್ತವೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿನ ಮಾಮೂಲಿ ಕೊಲೇಶನ್ (ಅಕ್ಷರ ಹೋಲಿಸುವ ನಿಯಮ) ಕ್ಯಾಪಿಟಲ್-ಸ್ಮಾಲ್ ಭೇದ ಮಾಡುವುದಿಲ್ಲ. ಪಾಸ್‌ವರ್ಡ್ ಹಾಗೇ ಇಟ್ಟಿದ್ದರೆ ಯಾವ ಅಕ್ಷರ ದೊಡ್ಡದು ಹೊಡೆದರೂ ಒಪ್ಪಿಬಿಡುತ್ತದೆ. ಹಳೆಯ ಕೊಲೇಶನ್‌ಗಳು ಕೊನೆಯ ಖಾಲಿ ಜಾಗವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಡಿ5 ಎಂಬ ಹಳೆಯ ಹ್ಯಾಶ್ ಮಾಡಿಸುವ ಕೆಲಸವನ್ನೂ ಎಸ್‌ಕ್ಯುಎಲ್‌ಗೇ ಬಿಟ್ಟರೆ ಇನ್ನೊಂದು ಎಡವಟ್ಟು: ಕ್ವೆರಿ ಲಾಗ್ ಆನ್ ಆಗಿದ್ದರೆ ನಿಜವಾದ ಪಾಸ್‌ವರ್ಡ್ ಲಾಗ್ ಫೈಲಿನಲ್ಲಿ ಅಚ್ಚಾಗಿ ಕೂತಿರುತ್ತದೆ.

ಎಂಡಿ5 ಬಗ್ಗೆ ಒಂದು ಲೆಕ್ಕ. ಅದು 1992ರಲ್ಲಿ ಪ್ರಕಟವಾದದ್ದು, ವೇಗವಾಗಿ ಓಡಲೆಂದೇ ಮಾಡಿದ್ದು. ನಮ್ಮಲ್ಲಿ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಇಡುವವರು ಬೇಕಾದಷ್ಟಿದ್ದಾರೆ. 6, 7, 8, 9ರಿಂದ ಶುರುವಾಗುವ ಹತ್ತಂಕಿಯ ನಂಬರುಗಳು ಒಟ್ಟು 400 ಕೋಟಿ. ಇವತ್ತಿನ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಸಾವಿರಾರು ಕೋಟಿ ಎಂಡಿ5 ಲೆಕ್ಕ ಹಾಕುತ್ತದೆ. ಅಂದರೆ ಕಣ್ಣು ಮಿಟುಕಿಸುವುದರೊಳಗೆ ಅಷ್ಟೂ ನಂಬರು ಮುಗಿದಿರುತ್ತವೆ, ಅದೂ ಸಾಲ್ಟ್ (ಒಬ್ಬೊಬ್ಬರ ಪಾಸ್‌ವರ್ಡಿಗೂ ಸೇರಿಸುವ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳು) ಇಲ್ಲದಿದ್ದರೆ ಟೇಬಲಿನ ಎಲ್ಲರದೂ ಒಂದೇ ಏಟಿಗೆ. ಎಸ್‌ಎಚ್‌ಎ-256 ಎಂಬ ಇನ್ನೊಂದು ಹ್ಯಾಶ್ ಹಾಕಿದ್ದೇವೆ ಎಂದು ಸಮಾಧಾನ ಪಡುವವರಿಗೂ ಇದೇ ಮಾತು. ಅದು ಗಟ್ಟಿಯೇ, ಆದರೆ ಅದೂ ವೇಗದ್ದೇ.

ಇನ್ನೊಂದು ಹಳೆಯ ಚಾಳಿ, ಪ್ರತಿಯೊಬ್ಬರಿಗೂ ಡೇಟಾಬೇಸಿನಲ್ಲೇ ಒಂದೊಂದು ಖಾತೆ ತೆರೆದು ಅದರಿಂದಲೇ ಲಾಗಿನ್ ಮಾಡಿಸುವುದು. ಡೆಸ್ಕ್‌ಟಾಪ್ ಕಾಲದ್ದು. ವೆಬ್‌ನಲ್ಲಿ ಕನೆಕ್ಷನ್‌ಗಳನ್ನು ಹಂಚಿ ಬಳಸಲು ಆಗುವುದಿಲ್ಲ, ಮೇಲಾಗಿ ರೈಟರ್ ಕೈಗೆ ನೇರ ಟೇಬಲಿನ ಕೀಲಿ ಕೊಟ್ಟಂತಾಗುತ್ತದೆ. ಬಿಡಿ.

ಸ್ವಂತ ಟೇಬಲ್, ನಿಧಾನದ ಹ್ಯಾಶ್

ಇದು ಮುಖ್ಯ ಆಯ್ಕೆ. ಇಲ್ಲಿ ತಿರುವು ಒಂದೇ: ಡೇಟಾಬೇಸಿಗೆ ಪಾಸ್‌ವರ್ಡ್ ಕಳಿಸುವುದೇ ಇಲ್ಲ. ಹೆಸರು ಕೊಟ್ಟು ಸಾಲು ತರಿಸಿಕೊಂಡು, ತಾಳೆಯನ್ನು ಕೋಡಿನಲ್ಲಿ ನೋಡುವುದು. ಪಿಎಚ್‌ಪಿ ಭಾಷೆಯಲ್ಲಿ 2013ರ 5.5 ಆವೃತ್ತಿಯಿಂದಲೇ ಇದಕ್ಕೆ ಪಾಸ್‌ವರ್ಡ್_ಹ್ಯಾಶ್, ಪಾಸ್‌ವರ್ಡ್_ವೆರಿಫೈ ಎಂಬ ಎರಡು ಫಂಕ್ಷನ್ ಇವೆ. ಬೇರೆ ಭಾಷೆಗಳಲ್ಲೂ ಇದೇ ಜೋಡಿ ಬೇರೆ ಹೆಸರಿನಲ್ಲಿದೆ.

ಕ್ರಮ ಹೀಗೆ. ಬಂದ ಹೆಸರಿನ ಹಿಂದುಮುಂದಿನ ಖಾಲಿ ಜಾಗ ತೆಗೆದು ಸಣ್ಣಕ್ಷರಕ್ಕೆ ತನ್ನಿ. ಫೋನ್ ಕೀಬೋರ್ಡ್ ಮೊದಲ ಅಕ್ಷರವನ್ನು ತಾನೇ ಕ್ಯಾಪಿಟಲ್ ಮಾಡುತ್ತದೆ, ಪದ ಸೂಚಿಸಿದಾಗ ಕೊನೆಗೊಂದು ಸ್ಪೇಸ್ ಸೇರಿಸುತ್ತದೆ. ‘ನನ್ನ ಪಾಸ್‌ವರ್ಡ್ ಸರಿಯಿದೆ, ಆದರೂ ಬಿಡ್ತಿಲ್ಲ’ ಎಂಬ ಫೋನ್ ಕರೆಗಳಲ್ಲಿ ಬಹಳಷ್ಟು ಇದರವೇ. ಪಾಸ್‌ವರ್ಡಿನಲ್ಲಿ ಮಾತ್ರ ಖಾಲಿ ಜಾಗ ತೆಗೆಯುವುದು, ಸಣ್ಣಕ್ಷರ ಮಾಡುವುದು ಬೇಡ. ನಂತರ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಮೂಲಕ ಆ ಹೆಸರಿನ ಐಡಿ, ಹ್ಯಾಶ್, ಖಾತೆ ಚಾಲ್ತಿಯಲ್ಲಿದೆಯೇ ಎಂಬ ಮೂರು ಕಾಲಂ ತನ್ನಿ. ಹೆಸರಿನ ಕಾಲಂಗೆ ಯುನೀಕ್ ಇಂಡೆಕ್ಸ್ (ಒಂದೇ ಹೆಸರು ಎರಡು ಸಲ ಸೇರದಂತೆ ತಡೆ) ಇರಲೇಬೇಕು. ಸಾಲು ಸಿಕ್ಕಿದರೆ ವೆರಿಫೈ ಮಾಡಿ. ಸಿಗದಿದ್ದರೂ, ಮೊದಲೇ ಮಾಡಿಟ್ಟ ಸುಳ್ಳು ಹ್ಯಾಶ್ ಒಂದರ ಮೇಲೆ ವೆರಿಫೈ ಓಡಿಸಿ. ಹಾಗೆ ಮಾಡದಿದ್ದರೆ ಇಲ್ಲದ ಹೆಸರಿಗೆ ಉತ್ತರ ತಟ್ಟನೆ ಬರುತ್ತದೆ, ಇರುವ ಹೆಸರಿಗೆ ಕಾಲು ಸೆಕೆಂಡ್ ತಡವಾಗುತ್ತದೆ. ಆ ವ್ಯತ್ಯಾಸ ಅಳೆದೇ ಯಾರ್ಯಾರ ಖಾತೆ ಇದೆ ಎಂದು ಪಟ್ಟಿ ಮಾಡಬಹುದು. ತಪ್ಪಾದರೆ ಎರಡಕ್ಕೂ ಒಂದೇ ಉತ್ತರ: ‘ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ’.

ಸರಿಯಾದರೆ ಒಳಗೆ ಬಿಡುವ ಮುನ್ನ ಸೆಷನ್ ಐಡಿ (ಒಳಬಂದವರನ್ನು ಸರ್ವರ್ ಗುರುತು ಹಿಡಿಯುವ ಸಂಕೇತ) ಹೊಸದಾಗಿ ಹುಟ್ಟಿಸಿ. ಲಾಗಿನ್‌ಗೆ ಮುಂಚಿನ ಐಡಿಯನ್ನೇ ಮುಂದುವರಿಸಿದರೆ, ಅದೇ ಕಂಪ್ಯೂಟರಿನಲ್ಲಿ ಮೊದಲು ಕೂತು ಆ ಐಡಿ ಬರೆದಿಟ್ಟುಕೊಂಡವರು ನಿಮ್ಮ ಬೆನ್ನಿಗೇ ಒಳಬರಬಹುದು. ಆ ಐಡಿಯನ್ನು ಬ್ರೌಸರಿನಲ್ಲಿ ಇಡುವ ಕುಕಿಗೆ ಎಚ್‌ಟಿಟಿಪಿ-ಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಈ ಮೂರೂ ಗುರುತು ಇರಲಿ. ಸಾಮಾನ್ಯ ವೆಬ್ ಆಪ್‌ಗೆ ಸರ್ವರಿನಲ್ಲೇ ಇರುವ ಸೆಷನ್ ಸಾಕು. ಅದರ ಬದಲು ಬಳಕೆದಾರರ ಕೈಗೇ ಸಹಿ ಮಾಡಿದ ಜೆಡಬ್ಲ್ಯುಟಿ ಟೋಕನ್ ಕೊಟ್ಟರೆ, ಕೆಲಸ ಬಿಟ್ಟು ಹೋದವರ ಟೋಕನ್ ಅವಧಿ ಮುಗಿಯುವವರೆಗೂ ನಡೆಯುತ್ತಲೇ ಇರುತ್ತದೆ. ಫ್ಯಾಷನ್‌ಗೆ ಹಾಕಿಕೊಳ್ಳುವ ವಸ್ತು ಅದಲ್ಲ.

ಬಿಕ್ರಿಪ್ಟ್ ಹ್ಯಾಶ್ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಿ. ಶುರುವಿನಲ್ಲಿ $2ವೈ$12$ ಎಂದು ಏಳು ಅಕ್ಷರ: ಯಾವ ಬಗೆ, ಎಷ್ಟು ಕಾಸ್ಟ್ (ಹ್ಯಾಶ್ ಎಷ್ಟು ನಿಧಾನವಾಗಬೇಕು ಎಂಬ ಮಟ್ಟ). ಆಮೇಲೆ 22 ಅಕ್ಷರ ಸಾಲ್ಟ್, ಕೊನೆಯ 31 ಅಕ್ಷರ ಹ್ಯಾಶ್. ಒಟ್ಟು 60. ಸಾಲ್ಟ್‌ಗೆ ಬೇರೆ ಕಾಲಂ ಬೇಡ, ಎಲ್ಲ ಒಂದರಲ್ಲೇ ಇದೆ. ಹೊಸಬರು ಎಡವುವುದು ಇಲ್ಲೇ, ಮೂರು ಬಗೆಯಲ್ಲಿ. ಕಾಲಂ ಉದ್ದ 50 ಇಟ್ಟಿರುತ್ತಾರೆ. ಸ್ಟ್ರಿಕ್ಟ್ ಮೋಡ್ ಆಫ್ ಆಗಿದ್ದರೆ ಮೈಎಸ್‌ಕ್ಯುಎಲ್ ಸದ್ದಿಲ್ಲದೆ ಹತ್ತು ಅಕ್ಷರ ಕತ್ತರಿಸುತ್ತದೆ, ಆಮೇಲೆ ಯಾರಿಗೂ ಲಾಗಿನ್ ಆಗುವುದಿಲ್ಲ. 255 ಇಡಿ. ಇಲ್ಲವೇ ಟೈಪ್ ಮಾಡಿದ ಪಾಸ್‌ವರ್ಡನ್ನು ಮತ್ತೆ ಹ್ಯಾಶ್ ಮಾಡಿ ಹಳೆಯದರ ಜೊತೆ ಸಮ ಚಿಹ್ನೆಯಲ್ಲಿ ಹೋಲಿಸುತ್ತಾರೆ. ಸಾಲ್ಟ್ ಪ್ರತಿಸಲ ಬೇರೆಯಾದ್ದರಿಂದ ಅದು ಯಾವತ್ತೂ ಹೊಂದುವುದಿಲ್ಲ. ಅಥವಾ ಟರ್ಮಿನಲ್‌ನಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಹ್ಯಾಶ್ ಅಂಟಿಸಿ ಅಡ್ಮಿನ್ ಪಾಸ್‌ವರ್ಡ್ ಬದಲಿಸುತ್ತಾರೆ. ಆಜ್ಞೆಗಳನ್ನು ಓದುವ ಶೆಲ್ $2 ಎಂಬುದನ್ನು ವೇರಿಯಬಲ್ ಅಂದುಕೊಂಡು ನುಂಗಿಬಿಡುತ್ತದೆ. ಒಂಟಿ ಉದ್ಧರಣ ಚಿಹ್ನೆ ಬಳಸಿ.

ಬಿಕ್ರಿಪ್ಟೋ ಆರ್ಗಾನ್2ವೋ

ಬಿಕ್ರಿಪ್ಟ್ 1999ರದು. ಕಾಸ್ಟ್ ಒಂದು ಏರಿಸಿದರೆ ಕೆಲಸ ಎರಡು ಪಟ್ಟು. ಪಿಎಚ್‌ಪಿ 8.4ರವರೆಗೆ ಮಾಮೂಲಿ ಕಾಸ್ಟ್ 10 ಇತ್ತು, ಆ ಆವೃತ್ತಿಯಿಂದ 12. ಸಾಧಾರಣ ಸರ್ವರಿನಲ್ಲಿ 12ಕ್ಕೆ ಕಾಲು ಸೆಕೆಂಡಿನ ಆಸುಪಾಸು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಮೇಲಿನ ಮೊಬೈಲ್ ನಂಬರಿನ ಲೆಕ್ಕಕ್ಕೇ ಬನ್ನಿ. ಅದೇ ಗ್ರಾಫಿಕ್ಸ್ ಕಾರ್ಡ್ ಕಾಸ್ಟ್ 12ರ ಬಿಕ್ರಿಪ್ಟನ್ನು ಸೆಕೆಂಡಿಗೆ ಒಂದೂವರೆ ಸಾವಿರದಷ್ಟು ಮಾತ್ರ ಮಾಡೀತು. 400 ಕೋಟಿಗೆ ಒಂದು ತಿಂಗಳು ಬೇಕು, ಅದೂ ಒಬ್ಬೊಬ್ಬರಿಗೂ ಬೇರೆ ಬೇರೆ ತಿಂಗಳು. ಹಾಗೆಂದು ಬಿಕ್ರಿಪ್ಟ್ ಎಲ್ಲವನ್ನೂ ಕಾಯುವುದಿಲ್ಲ. ಹುಟ್ಟಿದ ದಿನಾಂಕ ಎಂಟಂಕಿಯಲ್ಲಿ ಇಟ್ಟರೆ, 80 ವರ್ಷ ಲೆಕ್ಕ ಹಿಡಿದರೂ 29 ಸಾವಿರ ಚಿಲ್ಲರೆ ಸಾಧ್ಯತೆ. ಇಪ್ಪತ್ತು ಸೆಕೆಂಡಿನ ಕೆಲಸ. ವಿದ್ಯಾರ್ಥಿಗಳಿಗೆ ಯುಎಸ್‌ಎನ್ (ವಿದ್ಯಾರ್ಥಿ ನೋಂದಣಿ ಸಂಖ್ಯೆ) ಹೆಸರು, ಜನ್ಮದಿನಾಂಕ ಪಾಸ್‌ವರ್ಡ್ ಎಂದು ಕೊಡುವ ಪದ್ಧತಿಯನ್ನು ಯಾವ ಹ್ಯಾಶೂ ಉಳಿಸಲಾರದು.

ಆರ್ಗಾನ್2 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದದ್ದು. ಅದರಲ್ಲಿ ಆರ್ಗಾನ್2ಐಡಿ ಎಂಬುದನ್ನೇ ಬಳಸಬೇಕು. ಅದು ಸಮಯದ ಜೊತೆಗೆ ಮೆಮೊರಿಯನ್ನೂ ತಿನ್ನುತ್ತದೆ, ಗ್ರಾಫಿಕ್ಸ್ ಕಾರ್ಡುಗಳಿಗೆ ಅದೇ ತಲೆನೋವು. ಕಾಗದದ ಮೇಲೆ ಇದೇ ಮೇಲು. ಆದರೆ ಆ ಮೆಮೊರಿ ನಿಮ್ಮ ಸರ್ವರಿನಿಂದಲೂ ಹೋಗುತ್ತದೆ. ಪಿಎಚ್‌ಪಿಯ ಮಾಮೂಲಿ ಲೆಕ್ಕ ಒಂದು ಲಾಗಿನ್‌ಗೆ 64 ಎಂಬಿ. ಹತ್ತು ಜನ ಒಟ್ಟಿಗೆ ಬಟನ್ ಒತ್ತಿದರೆ 640 ಎಂಬಿ. 1 ಜಿಬಿಯ ಸರ್ವರಿನಲ್ಲಿ ಮೈಎಸ್‌ಕ್ಯುಎಲ್ ಕೂಡ ಅಲ್ಲೇ ಇದ್ದರೆ, ಲಿನಕ್ಸ್ ಮೆಮೊರಿ ಸಾಲದೆ ಯಾವುದನ್ನಾದರೂ ಕೊಲ್ಲಬೇಕಾಗುತ್ತದೆ, ಸಾಮಾನ್ಯವಾಗಿ ಕೊಲ್ಲುವುದು ಎಲ್ಲರಿಗಿಂತ ದಪ್ಪಗಿರುವ ಮೈಎಸ್‌ಕ್ಯುಎಲ್ಲನ್ನೇ. ವೆಬ್ ಭದ್ರತೆಯ ಸಂಸ್ಥೆ ಓವಾಸ್ಪ್ ಹೇಳುವ ಕನಿಷ್ಠ 19 ಎಂಬಿ, ಎರಡು ಸುತ್ತು, ಒಂದು ಎಳೆ. ಅಷ್ಟಕ್ಕೆ ಇಳಿಸಿದರೆ ಸಣ್ಣ ಸರ್ವರ್ ತಡೆದೀತು. ಮತ್ತೊಂದು, ಎಲ್ಲ ಶೇರ್ಡ್ ಹೋಸ್ಟಿಂಗ್‌ನಲ್ಲೂ ಪಿಎಚ್‌ಪಿಗೆ ಆರ್ಗಾನ್2 ಸೇರಿಸಿರುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೈಟ್ ಎತ್ತಿಕೊಂಡು ಹೋದ ದಿನ ಎಲ್ಲರೂ ಹೊರಗೆ ನಿಲ್ಲಬೇಕಾಗುತ್ತದೆ.

ಪಿಬಿಕೆಡಿಎಫ್2 ಎಂಬ ಇನ್ನೊಂದು ನಿಧಾನದ ಹ್ಯಾಶ್ ಇದೆಯಲ್ಲ ಎಂದರೆ, ಇದೆ. ಎಸ್‌ಎಚ್‌ಎ-256 ಜೊತೆ 6 ಲಕ್ಷ ಸುತ್ತು ಓವಾಸ್ಪ್ ಶಿಫಾರಸು. ಪೈಥಾನ್ ಭಾಷೆಯ ಜಾಂಗೋ ಫ್ರೇಮ್‌ವರ್ಕ್ (ಆಪ್ ಕಟ್ಟಲು ಸಿದ್ಧ ಕೋಡಿನ ಚೌಕಟ್ಟು) ಮಾಮೂಲಿಯಾಗಿ ಇದನ್ನೇ ಬಳಸುತ್ತದೆ. ಜಾಂಗೋ ಬಳಸುವವರು ಹಾಗೇ ಬಿಡಿ, ಉಳಿದವರು ಇದಕ್ಕಾಗಿ ಹುಡುಕಿಕೊಂಡು ಹೋಗಬೇಕಿಲ್ಲ.

ಕಾಸ್ಟ್ ಎಷ್ಟು ಎಂಬುದನ್ನು ಜನಸಂದಣಿ ನೋಡಿ ತೀರ್ಮಾನಿಸಿ. ಒಂದು ಲಾಗಿನ್‌ಗೆ ಕಾಲು ಸೆಕೆಂಡ್ ಅಂದರೆ ಪ್ರೊಸೆಸರಿನ ಒಂದು ಕೋರ್ ಸೆಕೆಂಡಿಗೆ ನಾಲ್ಕು ಜನರನ್ನು ಒಳಬಿಡುತ್ತದೆ. ಫಲಿತಾಂಶದ ದಿನ 200 ಹುಡುಗರು ಒಟ್ಟಿಗೆ ಬಂದರೆ ಕೊನೆಯವನಿಗೆ 50 ಸೆಕೆಂಡ್ ಕಾಯುವ ಕೆಲಸ. ಅಷ್ಟರಲ್ಲಿ ಅವನು ಮೂರು ಸಲ ಬಟನ್ ಒತ್ತಿ ಸಾಲನ್ನು ಇನ್ನಷ್ಟು ಉದ್ದ ಮಾಡಿರುತ್ತಾನೆ. ಕಾಸ್ಟ್ 10ಕ್ಕೆ ಇಳಿಸಿದರೆ ಅದೇ ಸಂದಣಿ 13 ಸೆಕೆಂಡಿನೊಳಗೆ ಕರಗುತ್ತದೆ. 10ಕ್ಕಿಂತ ಕೆಳಗೆ ಇಳಿಯಬೇಡಿ. ಅಲ್ಲಿಂದಾಚೆ ಕೋರ್ ಹೆಚ್ಚಿಸುವುದೇ ದಾರಿ. ನಾಲ್ಕೇ ಜನ ಬಳಸುವ ಎಸ್ಟೇಟ್ ಆಫೀಸಿಗೆ 13 ಇಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಪಾಸ್‌ವರ್ಡ್ ಇಟ್ಟರೆ

ಇದನ್ನು ಇಂಗ್ಲಿಷ್ ಪಾಠಗಳು ಹೇಳುವುದಿಲ್ಲ. ಬಿಕ್ರಿಪ್ಟ್ ಮೊದಲ 72 ಬೈಟ್‌ಗಳನ್ನು ಮಾತ್ರ ನೋಡುತ್ತದೆ. ಇಂಗ್ಲಿಷ್‌ನಲ್ಲಿ ಅದು 72 ಅಕ್ಷರ. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಗುಣಿತ ಚಿಹ್ನೆ, ಅರ್ಧಾಕ್ಷರದ ಹಲಂತ ಎಲ್ಲ ಬೇರೆ ಬೇರೆ ಲೆಕ್ಕ. ‘ಚಿಕ್ಕಮಗಳೂರು’ ಎಂಬುದು ಕಣ್ಣಿಗೆ ಆರು ಅಕ್ಷರ, ಒಳಗೆ 11 ಸಂಕೇತ, 33 ಬೈಟ್. 24 ಸಂಕೇತ ದಾಟಿದ ಮೇಲೆ ಹೊಡೆದದ್ದೆಲ್ಲ ದಂಡ. ಕೊನೆಯಲ್ಲಿ ಏನೇ ಬದಲಿಸಿದರೂ ಲಾಗಿನ್ ಆಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು: ‘ಬೇಲೂರು’ ಪದದ ‘ಬೇ’ಯನ್ನು ಯೂನಿಕೋಡ್‌ನಲ್ಲಿ ಏತ್ವ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಾಣುವುದು ಒಂದೇ, ಹ್ಯಾಶ್ ಬೇರೆ. ಹ್ಯಾಶ್ ಮಾಡುವ ಮುನ್ನ, ನೋಂದಣಿಯಲ್ಲೂ ಲಾಗಿನ್‌ನಲ್ಲೂ, ಎನ್‌ಎಫ್‌ಸಿ ಎಂಬ ಯೂನಿಕೋಡಿನ ಏಕರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ಸರಿಹೋಗದ ಇನ್ನೊಂದಿದೆ: ‘ಪಾಸ್‌ವರ್ಡ್’ ಎಂದು ಕನ್ನಡದಲ್ಲಿ ಬರೆಯುವಾಗ ಸ್ ಮತ್ತು ವ ಕೂಡಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಒಂದು ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ, ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಚುಕ್ಕಿಗಳ ಹಿಂದೆ ಇದೆಲ್ಲ ಕಾಣದ ಕಾರಣ ಪಾಸ್‌ವರ್ಡ್ ತೋರಿಸುವ ಕಣ್ಣಿನ ಬಟನ್ ಇಡುವುದು ಒಳ್ಳೆಯದು. ಕನ್ನಡದ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ ಬರೆಯಲು ಹೇಳಿಕೊಟ್ಟರೆ ಇನ್ನೂ ಒಳ್ಳೆಯದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2025ರ ಪರಿಷ್ಕರಣೆಯಲ್ಲಿ, ಪಾಸ್‌ವರ್ಡ್ ಒಂದೇ ಕಾವಲಿದ್ದರೆ ಕನಿಷ್ಠ 15 ಅಕ್ಷರ ಕೇಳುತ್ತದೆ. ನಾಲ್ಕು ಪದಕ್ಕೆ ಅದು ಸಲೀಸು. ಒಂದು ಕ್ಯಾಪಿಟಲ್, ಒಂದು ಅಂಕಿ, ಒಂದು ಚಿಹ್ನೆ ಎಂಬ ಕಡ್ಡಾಯ ಬೇಡ, ಮೂರು ತಿಂಗಳಿಗೊಮ್ಮೆ ಬದಲಿಸುವ ಕಡ್ಡಾಯವೂ ಬೇಡ ಎಂದೂ ಅದೇ ಹೇಳುತ್ತದೆ. ಬದಲಿಸಲು ಒತ್ತಾಯಿಸಿದರೆ ಮಾನಿಟರಿಗೆ ಚೀಟಿ ಅಂಟುತ್ತದೆ, ಅಷ್ಟೇ.

ಫ್ರೇಮ್‌ವರ್ಕಿನದೇ ಲಾಗಿನ್

ಜಾಂಗೋ, ಲಾರವೆಲ್, ಸ್ಪ್ರಿಂಗ್ ಸೆಕ್ಯುರಿಟಿ ಯಾವುದೇ ಇರಲಿ, ಮೇಲೆ ಹೇಳಿದ ಕ್ರಮದ ಬಹುಪಾಲು ಅವುಗಳಲ್ಲಿ ಸಿದ್ಧವಿದೆ. ಜಾಂಗೋ ಇಲ್ಲದ ಹೆಸರಿಗೂ ಒಮ್ಮೆ ಹ್ಯಾಶ್ ಓಡಿಸುತ್ತದೆ, ಸುತ್ತು ಹೆಚ್ಚಾದಾಗ ಮುಂದಿನ ಲಾಗಿನ್‌ನಲ್ಲಿ ಹಳೆಯ ಹ್ಯಾಶನ್ನು ತಾನೇ ಹೊಸದಕ್ಕೆ ಬದಲಿಸುತ್ತದೆ. ಆದರೆ ತಪ್ಪು ಪ್ರಯತ್ನಗಳನ್ನು ತಡೆಯುವುದು ಅದರಲ್ಲಿ ಇಲ್ಲ, ಬೇರೆ ಪ್ಯಾಕೇಜ್ ಸೇರಿಸಬೇಕು. ಲಾರವೆಲ್‌ನ ಸ್ಟಾರ್ಟರ್ ಕಿಟ್‌ಗಳಲ್ಲಿ ಐದು ಪ್ರಯತ್ನದ ತಡೆ ಇದೆ. ಹೊಸದಾಗಿ ಶುರು ಮಾಡುವವರು ಕೈಯಾರೆ ಬರೆಯುವ ಬದಲು ಇದನ್ನೇ ತೆಗೆದುಕೊಳ್ಳಿ. ಬರೆದವರು ಊರು ಬಿಟ್ಟರೂ ಆ ಫ್ರೇಮ್‌ವರ್ಕ್ ಗೊತ್ತಿರುವ ಇನ್ನೊಬ್ಬರು ಹಾಸನದಲ್ಲೇ ಸಿಗುತ್ತಾರೆ. ನಿಮ್ಮ ಸ್ವಂತ ಲಾಗಿನ್ ಫೈಲ್ ಗೊತ್ತಿರುವವರು ಸಿಗುವುದಿಲ್ಲ. ಖರ್ಚು ಇರುವುದು ಆವೃತ್ತಿ ಏರಿಸುತ್ತ ಹೋಗುವುದರಲ್ಲಿ. ವರ್ಷಕ್ಕೊಮ್ಮೆಯಾದರೂ ಆ ಕೆಲಸಕ್ಕೆ ದುಡ್ಡು ತೆಗೆದಿಡಿ.

ಒಟಿಪಿ

ಪಾಸ್‌ವರ್ಡ್ ನೆನಪಿಡಬೇಕಿಲ್ಲ, ಎಲ್ಲರಿಗೂ ಅಭ್ಯಾಸವಿದೆ. ಸದಸ್ಯರು ವರ್ಷಕ್ಕೆ ಎರಡು ಸಲ ಬಂದು ಬಾಕಿ ನೋಡುವ ಸೊಸೈಟಿಗೆ ಇದು ನಿಜಕ್ಕೂ ಹೊಂದುತ್ತದೆ. ಮೊದಲ ಅಡ್ಡಿ ಕಾಗದದ್ದು: ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ಸಂಸ್ಥೆಯ ಹೆಸರು, ಕಳಿಸಿದವರ ಹೆಸರಾಗಿ ಕಾಣುವ ಹೆಡರ್, ಸಂದೇಶದ ಟೆಂಪ್ಲೇಟ್ ಮೂರೂ ಡಿಎಲ್‌ಟಿ ಎಂಬ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ನೋಂದಣಿಯಾಗಿರಬೇಕು. ಟೆಂಪ್ಲೇಟಿಗಿಂತ ಒಂದು ಪದ ಆಚೀಚೆಯಾದರೂ ಎಸ್ಎಂಎಸ್ ದಾರಿಯಲ್ಲೇ ಬೀಳುತ್ತದೆ, ನಿಮ್ಮ ಕೋಡಿಗೆ ಮಾತ್ರ ‘ಕಳಿಸಲಾಗಿದೆ’ ಎಂದು ಬಂದಿರುತ್ತದೆ. ನೋಂದಣಿಯನ್ನು ಸಾಫ್ಟ್‌ವೇರ್ ಮಾಡಿಕೊಟ್ಟವರ ಹೆಸರಿನಲ್ಲಿ ಮಾಡಿಸಬೇಡಿ. ಅವರ ಜೊತೆ ಮಾತು ಕೆಟ್ಟ ದಿನ ನಿಮ್ಮ ಬಾಗಿಲು ಮುಚ್ಚುತ್ತದೆ.

ಎರಡನೆಯ ಅಡ್ಡಿ ಮಳೆ. ಆಷಾಢದಲ್ಲಿ ಕರೆಂಟ್ ಹೋಗಿ ಟವರ್ ಮಲಗಿದರೆ ಸಂದೇಶ ಹತ್ತು ನಿಮಿಷ ತಡವಾಗಿ ಬರುತ್ತದೆ. ಎರಡು ನಿಮಿಷದ ಅವಧಿ ಇಟ್ಟ ಒಟಿಪಿ ಬರುವಷ್ಟರಲ್ಲಿ ಸತ್ತಿರುತ್ತದೆ. ನಮ್ಮ ಕಡೆಗೆ ಅವಧಿ 10 ನಿಮಿಷ ಇಡಿ, ಬದಲಿಗೆ ತಪ್ಪು ಪ್ರಯತ್ನ ಐದಕ್ಕೆ ನಿಲ್ಲಿಸಿ. ಆರಂಕಿಗೆ 10 ಲಕ್ಷ ಸಾಧ್ಯತೆ ಇರುವುದರಿಂದ ಐದು ಸಲದಲ್ಲಿ ಊಹಿಸುವುದು ಕಷ್ಟ. ‘ಮತ್ತೆ ಕಳಿಸಿ’ ಒತ್ತಿದಾಗ ಹೊಸ ಅಂಕಿ ಹುಟ್ಟಿಸಬೇಡಿ, ಅವಧಿ ಇರುವವರೆಗೆ ಅದನ್ನೇ ಮತ್ತೆ ಕಳಿಸಿ. ಇಲ್ಲವಾದರೆ ಮೊದಲ ಸಂದೇಶ ಆಮೇಲೆ ಬಂದು, ಜನ ಅದನ್ನು ಹೊಡೆದು, ತಪ್ಪು ಎನಿಸಿಕೊಂಡು ಬೈಯುತ್ತಾರೆ.

ಮೂರನೆಯದು ನಂಬರ್ ಯಾರದು ಎಂಬುದು. ರೀಚಾರ್ಜ್ ಇಲ್ಲದೆ ನಿಂತ ನಂಬರನ್ನು ಆಪರೇಟರ್ 90 ದಿನದ ನಂತರ ಬೇರೆಯವರಿಗೆ ಕೊಡಬಹುದು. ವಯಸ್ಸಾದ ಸದಸ್ಯರ ಖಾತೆಗೆ ಮಗನ ನಂಬರ್ ಕೊಟ್ಟಿದ್ದರೆ ಅಪ್ಪನ ಠೇವಣಿ ಎಷ್ಟೆಂದು ಮಗನಿಗೆ ಗೊತ್ತಾಗುತ್ತದೆ. ಅದು ಕೆಲವು ಮನೆಗಳಲ್ಲಿ ಸಣ್ಣ ವಿಷಯವಲ್ಲ. ಹಾಗಾಗಿ ಒಟಿಪಿಯಲ್ಲಿ ನೋಡಲು ಬಿಡಿ, ಹಣ ಅಲುಗಿಸಲು ಬಿಡಬೇಡಿ.

ಎರಡನೆಯ ಬೀಗವಾಗಿ ಏನಾದರೂ ಬೇಕು ಎನ್ನುವವರಿಗೆ ಎಸ್ಎಂಎಸ್‌ಗಿಂತ ಅಥೆಂಟಿಕೇಟರ್ ಆಪ್ ಮೇಲು. 30 ಸೆಕೆಂಡಿಗೊಮ್ಮೆ ಬದಲಾಗುವ ಆ ಅಂಕಿಗೆ ಸಿಗ್ನಲ್ ಬೇಕಿಲ್ಲ, ದುಡ್ಡೂ ಇಲ್ಲ. ಫೋನಿನ ಗಡಿಯಾರ ಸರಿಯಿರಬೇಕು, ಅಷ್ಟೇ. ಸರ್ವರಿನಲ್ಲಿ ಹಿಂದಿನ ಒಂದು, ಮುಂದಿನ ಒಂದು ಅಂಕಿಯನ್ನೂ ಒಪ್ಪಿದರೆ ಸಣ್ಣ ಹೆಚ್ಚುಕಡಿಮೆ ತಡೆಯುತ್ತದೆ.

ಗೂಗಲ್, ಫೈರ್‌ಬೇಸ್, ಪಾಸ್‌ಕೀ

ಗೂಗಲ್ ಲಾಗಿನ್ ಇಟ್ಟರೆ ನಿಮ್ಮ ಡೇಟಾಬೇಸಿನಲ್ಲಿ ಕದಿಯಲು ಪಾಸ್‌ವರ್ಡೇ ಇರುವುದಿಲ್ಲ. ಬಂದ ಟೋಕನ್ನಿನ ಸಹಿ, ಅದು ನಿಮ್ಮ ಆಪ್‌ಗೇ ಕೊಟ್ಟದ್ದೇ, ಅವಧಿ ಇದೆಯೇ ಎಂಬ ಮೂರನ್ನೂ ಸರ್ವರಿನಲ್ಲಿ ನೋಡಬೇಕು. ಟೇಬಲಿನಲ್ಲಿ ಗುರುತಾಗಿ ಇಮೇಲ್ ಅಲ್ಲ, ಟೋಕನ್ನಿನೊಳಗಿನ ‘ಸಬ್’ ಎಂಬ ಬದಲಾಗದ ಐಡಿ ಇಡಿ. ಕಾಲೇಜಿಗೆ ಈಗಾಗಲೇ ಗೂಗಲ್ ಮೇಲ್ ಇದ್ದರೆ ಇದಕ್ಕಿಂತ ಸುಲಭದ್ದು ಇಲ್ಲ. ಆದರೆ ಆಫೀಸಿನ ಒಂದೇ ಕಂಪ್ಯೂಟರಿನಲ್ಲಿ ಮ್ಯಾನೇಜರ ಜಿಮೇಲ್ ಸದಾ ತೆರೆದಿರುವಲ್ಲಿ, ರೈಟರ್ ಒಂದು ಕ್ಲಿಕ್‌ಗೆ ಮ್ಯಾನೇಜರ್ ಆಗಿಬಿಡುತ್ತಾರೆ. ಗೂಗಲ್‌ನದೇ ಫೈರ್‌ಬೇಸ್‌ನಂಥ ಸೇವೆಗಳು ಪಾಸ್‌ವರ್ಡ್ ಕೆಲಸವನ್ನೂ ತಾವೇ ಹೊರುತ್ತವೆ. ಎಸ್ಎಂಎಸ್ ಕಳಿಸಿದ್ದಕ್ಕೆ ಬಿಲ್ ಬರುತ್ತದೆ. ಮುಂದೆ ಬಿಟ್ಟು ಬರಬೇಕೆಂದರೆ ಹ್ಯಾಶ್‌ಗಳನ್ನು ಹೊರತೆಗೆಯಬಹುದು, ಆದರೆ ಅವು ಫೈರ್‌ಬೇಸ್‌ನದೇ ಮಾರ್ಪಡಿಸಿದ ಎಸ್‌ಕ್ರಿಪ್ಟ್ ಎಂಬ ಹ್ಯಾಶ್‌ನಲ್ಲಿರುತ್ತವೆ.

ಫೋನಿನ ಬೆರಳಚ್ಚು ಅಥವಾ ಪಿನ್ನಿನಿಂದ ಒಳಬರುವ ಪಾಸ್‌ಕೀ ಇವೆಲ್ಲಕ್ಕಿಂತ ಗಟ್ಟಿ. ಡೇಟಾಬೇಸಿನಲ್ಲಿರುವುದು ಸಾರ್ವಜನಿಕ ಕೀಲಿ ಮಾತ್ರ, ಕದ್ದರೂ ಉಪಯೋಗವಿಲ್ಲ. ಹಂಚಿಕೊಂಡ ಫೋನಿಗೆ ಹೊಂದುವುದಿಲ್ಲ, ಸೈಟಿನ ಡೊಮೇನ್ ಹೆಸರು ಬದಲಿಸಿದರೆ ಎಲ್ಲರ ಕೀಲಿಯೂ ಒಟ್ಟಿಗೆ ಕೆಲಸ ನಿಲ್ಲಿಸುತ್ತದೆ. ಸದ್ಯಕ್ಕೆ ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಬಾಗಿಲಾಗಿ ಇಡಿ.

ತಪ್ಪು ಹೊಡೆದವರನ್ನು ತಡೆಯುವುದು

ಯಾವ ದಾರಿ ಹಿಡಿದರೂ ಇದು ಬೇಕು. ಐಪಿ ವಿಳಾಸ ನೋಡಿ ತಡೆದರೆ ಇಡೀ ಹಾಸ್ಟೆಲ್ ಒಂದೇ ಐಪಿಯಲ್ಲಿರುತ್ತದೆ, ಒಬ್ಬ ತಪ್ಪು ಮಾಡಿದರೆ ಎಲ್ಲರಿಗೂ ಶಿಕ್ಷೆ. ಮೊಬೈಲ್ ಇಂಟರ್ನೆಟ್‌ನಲ್ಲೂ ನೂರಾರು ಜನರಿಗೆ ಒಂದೇ ವಿಳಾಸ ಕಾಣುತ್ತದೆ. ಹೆಸರು ನೋಡಿ ಖಾತೆಯನ್ನೇ ಲಾಕ್ ಮಾಡಿದರೆ, ಬಟವಾಡೆಯ ದಿನ ಯಾರಾದರೂ ಬೇಕೆಂದೇ ಐದು ಸಲ ತಪ್ಪು ಹೊಡೆದು ಮ್ಯಾನೇಜರನ್ನು ಹೊರಗೆ ನಿಲ್ಲಿಸಬಹುದು. ಆದ್ದರಿಂದ ಶಾಶ್ವತ ಲಾಕ್ ಬೇಡ. ಹೆಸರು ಮತ್ತು ಐಪಿ ಜೋಡಿಗೆ ಐದು ತಪ್ಪಿನ ನಂತರ ಒಂದು ನಿಮಿಷ, ಆಮೇಲೆ ಎರಡು, ನಾಲ್ಕು ಹೀಗೆ 15 ನಿಮಿಷದವರೆಗೆ ಕಾಯಿಸಿ. ಹೆಸರೊಂದಕ್ಕೇ ಎಲ್ಲ ಕಡೆಯಿಂದ ಬಂದ ತಪ್ಪುಗಳಿಗೆ ಇನ್ನೊಂದು ದೊಡ್ಡ ಮಿತಿ ಇಡಿ. ಲಾಗ್‌ನಲ್ಲಿ ಸಮಯ, ಐಪಿ, ಫಲಿತಾಂಶ ಬರೆಯಿರಿ. ಇಲ್ಲದ ಹೆಸರು ಹೊಡೆದಿದ್ದರೆ ಆ ಪಠ್ಯವನ್ನು ಬರೆಯಬೇಡಿ, ಅವಸರದಲ್ಲಿ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಹೊಡೆಯುವವರು ಬಹಳ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆಗಳನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು.

ಯಾರಿಗೆ ಯಾವುದು

ಎಸ್ಟೇಟ್ ಆಫೀಸು, ನಾಲ್ಕರಿಂದ ಆರು ಜನ: ಬಿಕ್ರಿಪ್ಟ್ 12 ಅಥವಾ ಫ್ರೇಮ್‌ವರ್ಕಿನ ಮಾಮೂಲಿ. ಸ್ವಯಂ ನೋಂದಣಿ ಬೇಡ, ಇಮೇಲ್ ರೀಸೆಟ್ ಬೇಡ. ಮರೆತವರಿಗೆ ಮ್ಯಾನೇಜರ್ ತಾತ್ಕಾಲಿಕ ಪಾಸ್‌ವರ್ಡ್ ಕೊಡಲಿ, ಮೊದಲ ಲಾಗಿನ್‌ನಲ್ಲಿ ಬದಲಿಸಲೇಬೇಕು ಎಂದಿರಲಿ. ಮಾಲೀಕರ ಖಾತೆಗೆ ಅಥೆಂಟಿಕೇಟರ್ ಆಪ್. ಎಲ್ಲರೂ ‘ಅಡ್ಮಿನ್’ ಹೆಸರಿನಲ್ಲೇ ಒಳಬರುವ ಪದ್ಧತಿ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಹಾಜರಿ ತಿದ್ದಿದವರು ಯಾರೆಂದು ಗೊತ್ತಾಗದಿದ್ದರೆ ಬಿಕ್ರಿಪ್ಟ್ ಇದ್ದೂ ಏನು ಬಂತು?

ಹೋಮ್‌ಸ್ಟೇ: ಅತಿಥಿಗಳಿಗೆ ಖಾತೆಯೇ ಬೇಡ. ಎರಡು ದಿನ ಇದ್ದು ಹೋಗುವವರು ಪಾಸ್‌ವರ್ಡ್ ಯಾಕೆ ಇಡಬೇಕು? ಬುಕಿಂಗ್ ಆದಾಗ 32 ಬೈಟಿನ ಯಾದೃಚ್ಛಿಕ ಟೋಕನ್ ಇರುವ ಲಿಂಕ್ ಕಳಿಸಿ, ಟೇಬಲಿನಲ್ಲಿ ಅದರ ಎಸ್‌ಎಚ್‌ಎ-256 ಮಾತ್ರ ಇಡಿ. ಇಲ್ಲಿ ವೇಗದ ಹ್ಯಾಶ್ ಸಾಕು, ಟೋಕನ್ ಊಹಿಸಲು ಆಗುವುದಿಲ್ಲವಲ್ಲ. ಲಾಗಿನ್ ಆಗುವವರು ಮಾಲೀಕರು ಮತ್ತು ಬುಕಿಂಗ್ ನೋಡಿಕೊಳ್ಳುವ ಒಬ್ಬಿಬ್ಬರು. ಇದು ಎಲ್ಲಕ್ಕಿಂತ ಅಗ್ಗದ ದಾರಿಯೂ ಹೌದು.

ಮೂರು ಸಾವಿರ ಸದಸ್ಯರ ಸೊಸೈಟಿ: ಸಿಬ್ಬಂದಿಗೆ ಪಾಸ್‌ವರ್ಡ್ ಮತ್ತು ಅಥೆಂಟಿಕೇಟರ್, ಸದಸ್ಯರಿಗೆ ನೋಡಲು ಮಾತ್ರ ಒಟಿಪಿ. ಎಸ್ಎಂಎಸ್ ಖರ್ಚು ಮತ್ತು ಡಿಎಲ್‌ಟಿ ಬಜೆಟಿನಲ್ಲಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ, ತಕ್ಕ ಭದ್ರತೆ ಇಡದಿದ್ದಕ್ಕೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಸಣ್ಣ ಸಂಸ್ಥೆಗೆ ಅಷ್ಟು ಬೀಳಲಿಕ್ಕಿಲ್ಲ, ಆದರೆ ಆಡಳಿತ ಮಂಡಳಿಯನ್ನು ಒಪ್ಪಿಸಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ.

ಕಾಲೇಜು: ಗೂಗಲ್ ಮೇಲ್ ಇದ್ದರೆ ಅದೇ, ಕಾಲೇಜಿನ ಡೊಮೇನ್ ಹೌದೇ ಎಂದು ಸರ್ವರಿನಲ್ಲಿ ನೋಡಿ. ಇಲ್ಲದಿದ್ದರೆ ಬಿಕ್ರಿಪ್ಟ್, ಸಂದಣಿಗೆ ತಕ್ಕ ಕಾಸ್ಟ್.

ಈಗಾಗಲೇ ಎಂಡಿ5 ಮೇಲೆ ಓಡುತ್ತಿದ್ದರೆ

ಎಲ್ಲರೂ ಮತ್ತೆ ಲಾಗಿನ್ ಆಗುವವರೆಗೆ ಕಾಯಬೇಕಿಲ್ಲ. ಟೇಬಲಿಗೆ ‘ವಿಧಾನ’ ಎಂಬ ಒಂದು ಕಾಲಂ ಸೇರಿಸಿ. ಇರುವ ಎಂಡಿ5ಗಳನ್ನೇ, 32 ಅಕ್ಷರದ ಹೆಕ್ಸ್ ರೂಪದಲ್ಲಿ, ಬಿಕ್ರಿಪ್ಟ್ ಮಾಡಿ ಅದೇ ರಾತ್ರಿ ಬದಲಿಸಿ. ಕಚ್ಚಾ 16 ಬೈಟ್ ರೂಪ ಬಳಸಬೇಡಿ, ಅದರ ನಡುವೆ ಸೊನ್ನೆ ಬೈಟ್ ಬಂದರೆ ಬಿಕ್ರಿಪ್ಟ್ ಎಡವಟ್ಟಾಗುತ್ತದೆ. ಮೂರು ಸಾವಿರ ಸದಸ್ಯರಿಗೆ ಕಾಲು ಸೆಕೆಂಡಿನಂತೆ ಹನ್ನೆರಡೂವರೆ ನಿಮಿಷದ ಕೆಲಸ. ವಿಧಾನ ಹಳೆಯದಾಗಿದ್ದರೆ ಲಾಗಿನ್ ಕೋಡ್ ಮೊದಲು ಎಂಡಿ5 ಮಾಡಿ ಆಮೇಲೆ ವೆರಿಫೈ ಮಾಡಲಿ. ಸರಿಯಾದವರ ಪಾಸ್‌ವರ್ಡನ್ನು ಆ ಕ್ಷಣವೇ ನೇರ ಬಿಕ್ರಿಪ್ಟ್ ಮಾಡಿ ವಿಧಾನ ಬದಲಿಸಲಿ. ಶುರು ಮಾಡುವ ಮುನ್ನ ಕಾಲಂ ಉದ್ದ 32ರಿಂದ 255ಕ್ಕೆ ಏರಿಸಲು ಮರೆಯಬೇಡಿ.

ಇಷ್ಟಾದ ಮೇಲೂ ಹಳೆಯ ಬ್ಯಾಕಪ್‌ಗಳಲ್ಲಿ ಎಂಡಿ5 ಹಾಗೇ ಇರುತ್ತದೆ. ಸರ್ವರಿನ ಬ್ಯಾಕಪ್ ಫೋಲ್ಡರ್, ಕೋಡ್ ಬರೆದವರ ಲ್ಯಾಪ್‌ಟಾಪ್, ಇಮೇಲಿನಲ್ಲಿ ಕಳಿಸಿಕೊಂಡ ಎಸ್‌ಕ್ಯುಎಲ್ ಫೈಲ್, ಆಫೀಸಿನ ಡ್ರಾಯರಿನಲ್ಲಿರುವ ಪೆನ್‌ಡ್ರೈವ್, ಎಲ್ಲ ಹುಡುಕಿ ಅಳಿಸಿ.